ಬೆಟ್ಟವೋ ಕಡಲೋ

ನನ್ನದು ಚಪ್ಪಲಿ ಅಂಗಡಿ, ಪಕ್ಕದ್ದು ಕನ್ನಡಕದ ಅಂಗಡಿ. ನಡುವೆ ಒಂದು ಹಲಗೆಯ ಗೋಡೆ ಇದೆ. ಅದು ಗೋಡೆ ಎನ್ನುವುದಕ್ಕಿಂತ ಗೋಡೆಯ ನೆಪ. ಆ ಕಡೆ ಯಾರಾದರೂ ಕೆಮ್ಮಿದರೆ ಈ ಕಡೆ ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ಹಲಗೆಯ ಸಂದಿಯೊಂದು ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೇ ಇದೆ. ಅದನ್ನು ಮಾಡಿದ ಬಡಗಿ ಈಗಿಲ್ಲ, ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಮುಂದೆ ಹೇಳುವುದರಲ್ಲಿ ನಾನು ಕದ್ದು ಕೇಳಿದ್ದು ಯಾವುದೂ ಇಲ್ಲ. ಎಲ್ಲ ತಾನಾಗಿಯೇ ಕೇಳಿಸಿದ್ದು.

ಕನ್ನಡಕದ ಅಂಗಡಿಯವನನ್ನು ಬೀದಿಗೆ ಬೀದಿಯೇ ಚಾಳೀಸಣ್ಣ ಎನ್ನುತ್ತದೆ. ಹುಟ್ಟಾ ಪುಕ್ಕಲ. ರಸ್ತೆ ದಾಟುವಾಗ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಯಾವುದಕ್ಕೂ ಇರಲಿ ಎಂದು ಮೇಲಕ್ಕೂ ನೋಡುವ ಮನುಷ್ಯ. ಆದರೆ ಅಂಗಡಿಯ ಒಳಗಿನ ಕತ್ತಲೆ ಕೋಣೆಯಲ್ಲಿ, ಆ ಎತ್ತರದ ಕುರ್ಚಿಯ ಪಕ್ಕ ನಿಂತನೆಂದರೆ ಅವನ ಗತ್ತೇ ಬೇರೆ. ಗಿರಾಕಿಯ ಮೂಗಿನ ಮೇಲೆ ದುಂಡನೆಯ ಪರೀಕ್ಷೆಯ ಚೌಕಟ್ಟು ಕೂರಿಸಿ, ಅದರೊಳಗೆ ಗಾಜು ಇಳಿಸುತ್ತಾ, ತೆಗೆಯುತ್ತಾ, "ಇದು ಚೆನ್ನಾಗಿ ಕಾಣುತ್ತೋ, ಅದು ಚೆನ್ನಾಗಿ ಕಾಣುತ್ತೋ?" ಎಂದು ಕೇಳುತ್ತಾನೆ. ಉತ್ತರ ಬಂದರೂ ಬಿಡುವುದಿಲ್ಲ. "ಇನ್ನೊಂದ್ಸಲ ನೋಡಿ ಹೇಳಿ" ಎನ್ನುತ್ತಾನೆ. ದೊಡ್ಡ ದೊಡ್ಡ ವಕೀಲರು ಅಲ್ಲಿ ಬೆವರಿದ್ದನ್ನು ನಾನು ನೋಡಿದ್ದೇನೆ.

ಅವನದೊಂದು ಉಪಾಯವಿದೆ. ನಡುವೆ ಒಮ್ಮೆ ಗಾಜು ಬದಲಾಯಿಸಿದಂತೆ ಮಾಡಿ ಅದೇ ಗಾಜನ್ನು ಮತ್ತೆ ಹಾಕುತ್ತಾನೆ. ಎರಡೂ ಒಂದೇ ಥರ ಎಂದವರ ಕಣ್ಣನ್ನು ನಂಬುತ್ತಾನೆ. ಎರಡನೆಯದು ಎಷ್ಟೋ ವಾಸಿ ಎಂದವರಿಗೆ ಏನೂ ಹೇಳದೆ, ಮಗಳ ಕಡೆ ತಿರುಗಿ, "ಇವರಿಗೆ ನೀರು ಕೊಡಮ್ಮ" ಎನ್ನುತ್ತಾನೆ. ಅದರ ಅರ್ಥ ಅಪ್ಪ ಮಗಳಿಬ್ಬರಿಗೇ ಗೊತ್ತು. ಹಲಗೆಯ ದಯೆಯಿಂದ ನನಗೂ ಗೊತ್ತು. ಕಣ್ಣಿನಲ್ಲಿ ದೋಷವಿಲ್ಲ, ಮನುಷ್ಯ ಹೆದರಿದ್ದಾನೆ ಎಂದು ಅರ್ಥ. ನೀರು ಕುಡಿದು ಸ್ವಲ್ಪ ಸುಧಾರಿಸಿಕೊಂಡರೆ ಸರಿಯಾಗುತ್ತದೆ.

ಆ ಮಗಳು ಪಿಯುಸಿ ಮುಗಿಸಿ, ಬಿಸಿನೆಸ್ ಡಿಗ್ರಿ ಓದುತ್ತೇನೆಂದು ಹಟ ಹಿಡಿದಳು. ಯಾಕೆ ಆ ಓದೇ ಬೇಕು ಎಂದು ಅವಳ ತಾಯಿ ಕೇಳಿದ್ದಕ್ಕೆ, ಅಪ್ಪ ಅಂಗಡಿ ನಡೆಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನಲ್ಲ, ಹೇಗೆ ನಡೆಸಬಾರದು ಅನ್ನುವುದು ಬಂದಿದೆ, ಇನ್ನರ್ಧ ಕಲಿಯಬೇಕು ಎಂದಳಂತೆ. ಎರಡು ವಿಶ್ವವಿದ್ಯಾಲಯಗಳು ಸೀಟು ಕೊಟ್ಟವು. ಎರಡೂ ಹೊರರಾಜ್ಯದವು. ಒಂದು ಬೆಟ್ಟದ ಮೇಲೆ, ಇನ್ನೊಂದು ಕಡಲ ದಂಡೆಯಲ್ಲಿ. ಶುಕ್ರವಾರ ಸಂಜೆಯೊಳಗೆ ಒಂದಕ್ಕೆ ಹೂಂ ಅನ್ನಬೇಕು, ಸುಮ್ಮನಿದ್ದರೆ ಎರಡೂ ಕೈಬಿಟ್ಟು ಹೋಗುತ್ತವೆ. ನೀವೂ ಒಂದು ಸಲ ಯೋಚಿಸಿ ಅಪ್ಪ ಎಂದು ಅವಳು ಮರ್ಯಾದೆಗೆ ಹೇಳಿದಳು.

ಮರ್ಯಾದೆಗೆ ಹೇಳಿದ ಮಾತನ್ನು ನಿಜವೆಂದು ತಿಳಿಯುವ ಜಾತಿಯ ಗಂಡಸು ಚಾಳೀಸಣ್ಣ. ಹೆಂಡತಿ ಮತ್ತು ಭಾವಮೈದುನನ ಮುಂದೆ ಎದೆಯುಬ್ಬಿಸಿ, "ಆರಿಸೋದು ನನ್ನ ಕಸುಬು. ಇಡೀ ಊರಿಗೆ ಆರಿಸೋದು ಕಲಿಸಿದೋನು ನಾನು. ನನ್ನ ಮಗಳ ಕಾಲೇಜು ಆರಿಸೋದೇನು ಮಹಾ?" ಎಂದುಬಿಟ್ಟ. ಅಂದ ಮರುಕ್ಷಣವೇ ಅವನಿಗೆ ಹೆದರಿಕೆ ಹತ್ತಿತು. ಸುದ್ದಿ ಹೊರಗೆ ಹೋದರೆ ಯಾರಾದರೂ ಏನಾದರೂ ಅಂದು, ಅದು ಅಲ್ಲಿಯವರ ಕಿವಿಗೆ ಬಿದ್ದು, ಅವರು ಮನಸ್ಸು ಬದಲಾಯಿಸಿದರೆ? ಶುಕ್ರವಾರದ ತನಕ ಯಾರೂ ಬಾಯಿ ಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟರೆ ಹಲಗೆಯ ಸಂದಿಗೆ ಅವನು ಅಂಟು ಹಚ್ಚುತ್ತಾನೆ.

ಆ ಭಾವಮೈದುನ ವಿಮೆ ಏಜೆಂಟು. ಅವನ ಬಾಯಲ್ಲಿ ಯಾರೂ ಸುಮ್ಮನೆ ಸಾಯುವುದಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದವನು ಕೂರುವ ಮೊದಲೇ ಬೆಟ್ಟದ ವಿಷಯ ತೆಗೆದ. ತಿರುವು ರಸ್ತೆ, ಮಂಜು, ಎದುರಿನಿಂದ ಬರುವ ಲಾರಿ, ಮೇಲಿನಿಂದ ಬರುವ ಬಂಡೆ, ಬ್ರೇಕು ಹಿಡಿಯದ ಬಸ್ಸು. ಬಸ್ಸು ಎಷ್ಟು ಸಲ ಉರುಳಿ ಎಲ್ಲಿ ನಿಲ್ಲುತ್ತದೆ ಎಂದು ಕೈಯಲ್ಲಿ ಮಾಡಿಯೂ ತೋರಿಸಿದ. ಇನ್ನು ಕಡಲಿಗೆ ಬಂದರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾರೋ ಮೆಟ್ಟಿಲಿನಿಂದ ಬಿದ್ದಿದ್ದರು. ಸಂತೋಷದಿಂದ ಎದ್ದು ಹೋದ. ಚಾಳೀಸಣ್ಣನ ತಲೆಯಲ್ಲಿ ಬಸ್ಸು ಉರುಳುತ್ತಲೇ ಉಳಿಯಿತು.

ಆಗ ಬಂದವರು ಬ್ಯಾಂಕ್ ಮ್ಯಾನೇಜರು. ಕನ್ನಡಕದ ನಂಬರ್ ಹೆಚ್ಚಾಗಿರಬಹುದೆಂಬ ಅನುಮಾನ ಅವರದು. ಚಾಳೀಸಣ್ಣ ಅವರನ್ನು ಕುರ್ಚಿಯಲ್ಲಿ ಕೂರಿಸಿದ, ದೀಪ ಆರಿಸಿದ, ಚೌಕಟ್ಟು ಹಾಕಿದ, ಗಾಜು ಕೈಗೆತ್ತಿಕೊಂಡ. ಕೈ ತನ್ನ ಕೆಲಸ ಮಾಡುತ್ತಿತ್ತು, ಬಾಯಿ ಮಾತ್ರ ಬೇರೆ ಕಡೆ ಇತ್ತು.

"ಬೆಟ್ಟವೋ, ಕಡಲೋ?" ಎಂದು ಕೇಳಿದ.

ಮ್ಯಾನೇಜರು ಎದುರಿನ ಅಕ್ಷರದ ಹಲಗೆಯನ್ನು ದಿಟ್ಟಿಸಿದರು. ಓದು ಬಾರದವರಿಗೆಂದು ಅಲ್ಲಿ ದೋಣಿ, ಮನೆ, ಲೋಟದ ಚಿತ್ರಗಳಿರುವ ಹಾಳೆಯೂ ನೇತಾಡುತ್ತದೆ. ಇದೂ ಅಂಥದ್ದೇ ಹೊಸ ಪರೀಕ್ಷೆ ಎಂದುಕೊಂಡು, ಬಹಳ ಹೊತ್ತು ಯೋಚಿಸಿ, ಕಡಲು ಎಂದರು. ಚಾಳೀಸಣ್ಣನ ಮುಖ ಅರಳಿತು. ಸಾಲ ಕೊಡುವಾಗ ಸಾವಿರ ಸಲ ಯೋಚಿಸುವ ಮನುಷ್ಯನೇ ಕಡಲು ಎನ್ನುತ್ತಿದ್ದಾನೆ. ಅವರ ಕೈ ಹಿಡಿದು ಕುಲುಕಿ, ನೀವು ಹೇಳಿದ್ದು ಕೇಳಿ ಜೀವ ಬಂತು, ನಿಮಗೇನೂ ಬೇಡ, ಹಳೆಯ ಕನ್ನಡಕವೇ ಸಾಕು ಎಂದು ಕಳಿಸಿಕೊಟ್ಟ. ಗಾಜು ಕೈಯಲ್ಲೇ ಇತ್ತು.

ಮ್ಯಾನೇಜರು ಮೆಟ್ಟಿಲಿಳಿಯುತ್ತಲೇ ಎದುರಾದವರು ನಿವೃತ್ತ ಹೆಡ್‌ಮಾಸ್ಟರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಅರ್ಧ ಜನಕ್ಕೆ ಬೆತ್ತದ ರುಚಿ ತೋರಿಸಿದವರು. ಅವರೂ ಕುರ್ಚಿ ಹತ್ತಿದರು. ಅವರಿಗೂ ಅದೇ ಪ್ರಶ್ನೆ ಬಂತು. ಪಾಠ ಹೇಳುವ ಗತ್ತಿನಲ್ಲಿ ಅವರು ಬೆಟ್ಟ ಎಂದರು.

ಚಾಳೀಸಣ್ಣನ ತಲೆಯಲ್ಲಿ ಬಸ್ಸು ಮತ್ತೆ ಉರುಳಿತು. "ಬೆಟ್ಟವೇ? ಇನ್ನೊಂದ್ಸಲ ನೋಡಿ ಹೇಳಿ ಮೇಷ್ಟ್ರೇ" ಎಂದ. ಮೇಷ್ಟ್ರು ತಮ್ಮ ಜೀವಮಾನದಲ್ಲಿ ಉತ್ತರ ತಿದ್ದಿಕೊಂಡವರಲ್ಲ. ಬೆಟ್ಟವೇ ಎಂದರು. ಚಾಳೀಸಣ್ಣ ಅವರ ಎರಡೂ ಕೈ ಹಿಡಿದುಕೊಂಡು, ಆಗುವುದನ್ನು ತಪ್ಪಿಸುವುದಕ್ಕೆ ನಮ್ಮ ಕೈಯಲ್ಲೇನಿದೆ ಎಂದು ನಿಟ್ಟುಸಿರು ಬಿಟ್ಟ. ಮೇಷ್ಟ್ರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬರುವಾಗ ಗೋಡೆ ಹಿಡಿಯದೆ ನಡೆದು ಬಂದವರು.

ನೇರವಾಗಿ ನನ್ನ ಅಂಗಡಿಗೆ ಬಂದು, ಲೇಸು ಕಟ್ಟುವ ರಗಳೆಯಿಲ್ಲದ ಚಪ್ಪಲಿ ಕೇಳಿದರು. ಕಣ್ಣು ಮುಚ್ಚಿಕೊಂಡು ಹಾಕಿ ನೋಡಿದರು, ಕಣ್ಣು ಮುಚ್ಚಿಕೊಂಡೇ ನಾಲ್ಕು ಹೆಜ್ಜೆ ನಡೆದು ನನ್ನ ಗಾಜಿನ ಬೀರುವಿಗೆ ಡಿಕ್ಕಿ ಹೊಡೆದರು. ಅಭ್ಯಾಸವಾಗುತ್ತೆ ಬಿಡು ಎಂದು ನನಗೇ ಸಮಾಧಾನ ಹೇಳಿದರು. ನನಗೆ ನಿಜ ಗೊತ್ತಿತ್ತು. ಆದರೆ ಹಲಗೆಯ ಸಂದಿ ನೆನಪಾಗಿ, ಚಪ್ಪಲಿಯನ್ನು ಕಟ್ಟಿಕೊಟ್ಟೆ.

ಮಾರನೆಯ ದಿನದ ಹೊತ್ತಿಗೆ ಊರಿಗೆಲ್ಲ ಹಬ್ಬಿತ್ತು. ಚಾಳೀಸಣ್ಣನ ಹತ್ತಿರ ಹೊಸ ಪರೀಕ್ಷೆ ಬಂದಿದೆಯಂತೆ. ಕಡಲು ಎಂದವರ ಕಣ್ಣು ನೆಟ್ಟಗಿರುತ್ತದಂತೆ, ಬೆಟ್ಟ ಎಂದವರ ಕಣ್ಣು ಒಂದು ವರ್ಷದೊಳಗೆ ಹೋಗುತ್ತದಂತೆ. ಮೇಷ್ಟ್ರ ಹೆಂಡತಿ ನನ್ನ ಅಂಗಡಿಯ ಮುಂದೆ ನಿಂತು ಗೋಳಾಡಿದರು. ಮದುವೆಯಾದಂದಿನಿಂದ ತಲೆಯೆತ್ತಿ ನೋಡದ ಮನುಷ್ಯ ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಎದುರು ಕೂತು ಮುಖ ನೋಡುತ್ತಾರೆ, ನೆನಪಿಟ್ಟುಕೊಳ್ಳಬೇಕು ಎನ್ನುತ್ತಾರೆ, ಒಲೆಯ ಮುಂದೆ ನಿಲ್ಲುವುದಕ್ಕೂ ಬಿಡುತ್ತಿಲ್ಲ ಎಂದರು. ದುಃಖದಲ್ಲಿದ್ದರೂ ತಲೆ ಮಾತ್ರ ನೀಟಾಗಿ ಬಾಚಿಕೊಂಡಿದ್ದರು.

ಜನ ಸಾಲುಗಟ್ಟಿದರು. ಒಬ್ಬೊಬ್ಬರೇ ಕುರ್ಚಿ ಹತ್ತುವುದು, ಚಾಳೀಸಣ್ಣ ಬಾಯಿ ತೆರೆಯುವ ಮೊದಲೇ ಕಡಲು ಎನ್ನುವುದು, ಎದೆಯ ಮೇಲೆ ಕೈಯಿಟ್ಟುಕೊಂಡು ಇಳಿಯುವುದು. ದರ್ಜಿ ಬಂದ, ಕ್ಷೌರಿಕ ಬಂದ, ಅಂಚೆಯಣ್ಣ ಬಂದ, ಎಲ್ಲರೂ ಕಡಲೇ. ಚಾಳೀಸಣ್ಣನಿಗೆ ಮೊದಲು ಹಿಗ್ಗಾಯಿತು. ಊರಿಗೆ ಊರೇ ಒಂದು ಮಾತು ಹೇಳುತ್ತಿದೆ, ಇನ್ನೇನು ಬೇಕು? ಆದರೆ ಹೆದರುವವನಿಗೆ ಹಿಗ್ಗು ಬಹಳ ಹೊತ್ತು ದಕ್ಕುವುದಿಲ್ಲ.

ಅವನ ಕಸುಬಿನಲ್ಲಿ ಒಂದು ಮಾತಿದೆ. ಗಾಜು ಹಾಕುವ ಮೊದಲೇ ಅಕ್ಷರಗಳನ್ನು ಪಟಪಟ ಓದಿದವನು ನೋಡಿ ಓದುತ್ತಿಲ್ಲ, ಹೊರಗೆ ಕೂತು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಲೈಸೆನ್ಸಿಗೆ ಬರುವ ಡ್ರೈವರುಗಳು ಹಾಗೆ ಮಾಡುವುದುಂಟು. ಇವರೆಲ್ಲ ಕೇಳುವ ಮೊದಲೇ ಕಡಲು ಎನ್ನುತ್ತಾರಲ್ಲ, ಇವರಿಗೆ ಯಾರು ಹೇಳಿಕೊಟ್ಟರು? ಕಡಲಿನವರೇ ಜನ ಬಿಟ್ಟಿದ್ದಾರೆಯೇ? ಇಷ್ಟು ಆಸೆಪಟ್ಟು ಕರೆಯುತ್ತಾರೆಂದರೆ ಅಲ್ಲೇನೋ ಇದೆ. ಹಾಗೆ ಯೋಚಿಸುತ್ತಾ ಬೆವರೊರೆಸಿಕೊಳ್ಳುವ ಹೊತ್ತಿಗೇ ಭಾವಮೈದುನ ಮತ್ತೆ ಬಂದು, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಭಾವ, ಹಾಂ, ಕಡಲು ಎಂದು ಶುರುಮಾಡಿದ. ಸೆಳೆತ, ಸುಳಿ, ಬಿರುಗಾಳಿ, ಅಲೆ ಹಿಂದಕ್ಕೆ ಸರಿದು ನಿಂತು ನೋಡಿ ಒಮ್ಮೆಲೇ ಬರುವ ರೀತಿ. ಹಾಸ್ಟೆಲು ದಂಡೆಯಿಂದ ದೂರವಿದೆ ಎಂದು ಅವನ ಅಕ್ಕ ಹೇಳಿದ್ದಕ್ಕೆ, ಕಡಲಿಗೆ ಏನು ಅವಸರ, ನಡೆದುಕೊಂಡು ಬರುತ್ತದೆ ಎಂದ.

ಆ ದಿನ ಚಾಳೀಸಣ್ಣ ಮನಸ್ಸಿನಲ್ಲೇ ಬೆಟ್ಟಕ್ಕೆ ಹೋದ. ಮಾರನೆಯ ದಿನ ಕಡಲಿಗೆ ವಾಪಸು ಬಂದ. ಗುರುವಾರ ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಕಡಲು. ಊಟ ಸೇರದೆ ಹೋಯಿತು. ಹೆಂಡತಿಗೆ ಸಿಟ್ಟು ಬಂದು, ನಿಮ್ಮ ಮಗಳು ಕಾಲೇಜಿಗೆ ಹೋಗ್ತಿರೋದು, ಯುದ್ಧಕ್ಕಲ್ಲ ಎಂದಳು. ಯುದ್ಧಕ್ಕಾದರೆ ಜೊತೆಗೆ ಸೈನ್ಯ ಇರುತ್ತೆ ಎಂದ. ಮಗಳು ಮೂಲೆಯಲ್ಲಿ ಕೂತು ಫ್ರೇಮುಗಳನ್ನು ಒರೆಸುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಕಂಬ ನುಂಗಿದವರ ಹಾಗೆ ನಿಂತು, ಇಲಾಖೆ ಒಪ್ಪದ ಪರೀಕ್ಷೆ ನಡೆಯುತ್ತಿದೆಯೆಂದು ದೂರು ಬಂದಿದೆ, ಅಂಗಡಿಗೆ ಬೀಗ ಹಾಕಬೇಕಾಗುತ್ತದೆ, ಮೊದಲು ಆ ಪರೀಕ್ಷೆ ಏನೆಂದು ಮಾಡಿ ತೋರಿಸು ಎಂದರು. ಚಾಳೀಸಣ್ಣನಿಗೆ ಯಾವ ಪರೀಕ್ಷೆಯೆಂದೇ ತಿಳಿಯಲಿಲ್ಲ. ಆದರೆ ಸರ್ಕಾರ ಕೇಳುವಾಗ ಇಲ್ಲ ಎನ್ನುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಕುರ್ಚಿ ತೋರಿಸಿದ. ಇನ್ಸ್‌ಪೆಕ್ಟರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ದೀಪ ಆರಿತು.

ದೀಪ ಆರಿದ ಮೇಲೆ ಇನ್ಸ್‌ಪೆಕ್ಟರ ದನಿ ಇಳಿದುಹೋಯಿತು. ಎಷ್ಟು ಇಳಿಯಿತೆಂದರೆ ನಾನು ಹಲಗೆಗೆ ಕಿವಿ ಆನಿಸಬೇಕಾಯಿತು.

"ಯಾವುದು ಅಂದ್ರೆ ಒಳ್ಳೇದು, ಹೇಳಿಬಿಡಪ್ಪ."

"ಅದೇ ನನಗೂ ಗೊತ್ತಾಗ್ತಿಲ್ಲ ಸಾರ್" ಎಂದ ಚಾಳೀಸಣ್ಣ. ಐದು ದಿನದಿಂದ ಒಳಗೇ ಇಟ್ಟುಕೊಂಡಿದ್ದು ಆ ಕತ್ತಲೆಯಲ್ಲಿ ಕಟ್ಟೆಯೊಡೆಯಿತು. "ಬೆಟ್ಟ ಅಂದ್ರೆ ಎದೆ ಹೊಡ್ಕೊಳ್ಳುತ್ತೆ, ಕಡಲು ಅಂದ್ರೂ ಹೊಡ್ಕೊಳ್ಳುತ್ತೆ. ಯಾವುದು ಅಂದ್ರೂ ಒಂದೇ ಸಾರ್, ಹೋಗೋದಂತೂ ಹೋಗುತ್ತೆ."

"ಹೋಗೇಬಿಡುತ್ತಾ?"

"ಹೋಗಲೇಬೇಕಲ್ಲ ಸಾರ್. ಇಷ್ಟು ವರ್ಷ ನಮ್ಮ ಜೊತೆಗಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ವಿ. ಇನ್ನು ಬೆಳಿಗ್ಗೆ ಎದ್ರೆ ಏನು ಕಾಣುತ್ತೆ ಹೇಳಿ?"

ಆಮೇಲೆ ಇನ್ಸ್‌ಪೆಕ್ಟರು ಅಳುವುದು ಕೇಳಿಸಿತು. ಜೊತೆಗೆ ಚಾಳೀಸಣ್ಣನೂ ಅಳುವುದು ಕೇಳಿಸಿತು. ಸರ್ಕಾರವೂ ಪ್ರಜೆಯೂ ಹೀಗೆ ಒಂದಾಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊರಗೆ ಬಂದಾಗ ಇನ್ಸ್‌ಪೆಕ್ಟರಿಗೆ ಬೀಗದ ಮಾತು ಮರೆತೇಹೋಗಿತ್ತು. ಮಗಳು ಯಾರೂ ಹೇಳದೆಯೇ ನೀರು ಕೊಟ್ಟಳು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಸಾರ್, ಅಪ್ಪ ನನ್ನ ಕಾಲೇಜಿನ ವಿಷಯ ಹೇಳ್ತಿದ್ದರು ಎಂದಳು. ಅವರು ನಂಬಲಿಲ್ಲ. ಟೋಪಿಯನ್ನು ತಿರುವುಮುರುವಾಗಿ ಹಾಕಿಕೊಂಡು, ನಿನ್ನ ಮನಸ್ಸು ದೊಡ್ಡದಮ್ಮ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಮಗಳು ಷಟರನ್ನು ಅರ್ಧಕ್ಕೆ ಎಳೆದಳು. ಹೊತ್ತು ಇಳಿಯುತ್ತಿತ್ತು, ಕಾಲೇಜಿನವರು ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು. ಅಪ್ಪನ ತೋಳು ಹಿಡಿದು ಕುರ್ಚಿಯ ಹತ್ತಿರ ಕರೆದುಕೊಂಡು ಹೋಗಿ, ಕೂತ್ಕೊಳ್ಳಿ ಎಂದಳು. ಅಷ್ಟು ವರ್ಷದಲ್ಲಿ ಚಾಳೀಸಣ್ಣ ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹೆಂಡತಿ ಬಾಗಿಲಿನಲ್ಲಿ ನಿಂತಳು. ನಾನು ಸಂದಿಯಲ್ಲಿ ನಿಂತೆ.

ಎರಡೂ ಕಡೆಯದು ಹೇಳ್ತೀನಿ, ಯಾವುದು ವಾಸಿ ಹೇಳಿ ಎಂದು ಅವಳು ಶುರುಮಾಡಿದಳು. ಮೊದಲನೆಯದರಲ್ಲಿ ಒಂದು ಕೋಣೆಗೆ ಇಬ್ಬರು, ಕಿಟಕಿ ತೆರೆದರೆ ಎದುರಿಗೆ ಗೋಡೆ, ಸಂಜೆ ಗೇಟು ಬೇಗ ಹಾಕುತ್ತಾರೆ, ಊರಿಗೆ ಬರಬೇಕೆಂದರೆ ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕು.

ಚಾಳೀಸಣ್ಣ ತಲೆ ಅಲ್ಲಾಡಿಸಿದ. ಗೊತ್ತಿಲ್ಲದವಳ ಜೊತೆ ಒಂದೇ ಕೋಣೆ, ಗಾಳಿಯಿಲ್ಲದ ಕಿಟಕಿ, ಬೇಗ ಗೇಟು ಹಾಕಿದರೆ ಸ್ವಲ್ಪ ತಡವಾದ ದಿನ ಹುಡುಗಿ ಬೀದಿಯಲ್ಲಿ ನಿಲ್ಲಬೇಕು, ಮೇಲೆ ರಾತ್ರಿ ರೈಲು ಬೇರೆ. ಅದು ಬೇಡವೇ ಬೇಡ ಎಂದ.

ಅವಳು ಒಂದು ಗಳಿಗೆ ಬಿಟ್ಟು ಎರಡನೆಯದನ್ನು ಹೇಳಿದಳು. ಕೋಣೆಯಲ್ಲಿ ಜೊತೆಗೆ ಇನ್ನೊಬ್ಬಳಿರುತ್ತಾಳೆ, ಕಿಟಕಿಗೆ ಎದುರಾಗಿ ಗೋಡೆಯಿದೆ, ಗೇಟನ್ನು ಸಂಜೆ ಹೊತ್ತಿಗೇ ಹಾಕಿಬಿಡುತ್ತಾರೆ, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಊರು.

ಚಾಳೀಸಣ್ಣ ಮೊದಲ ಸಲ ನೆಟ್ಟಗೆ ಕೂತ. "ಇದು ಎಷ್ಟೋ ವಾಸಿ. ನೋಡು, ಜೊತೆಗೆ ಒಬ್ಬಳು ಇರ್ತಾಳೆ, ಕಿಟಕಿಯಲ್ಲಿ ಯಾರೂ ಇಣುಕೋ ಹಾಗಿಲ್ಲ, ಗೇಟಿನ ಶಿಸ್ತಿದೆ, ನಿದ್ದೆ ಮಾಡಿ ಎದ್ರೆ ಮನೆ. ಎರಡನೇದೇ ಸರಿ."

ಮಗಳು ಬಾಗಿಲಿನ ಕಡೆ ತಿರುಗಿ, "ಅಮ್ಮ, ಅಪ್ಪನಿಗೆ ನೀರು ಕೊಡಮ್ಮ" ಎಂದಳು.

ಆ ಮಾತು ಅವನನ್ನು ತಲುಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದ ಮೇಲೆ ಅವನ ಭುಜ ಇಳಿಯಿತು. ಎರಡೂ ಒಂದೇನಾ ಎಂದು ಕೇಳಿದ. ಎರಡೂ ಒಂದೇ ಅಪ್ಪ, ಒಂದನ್ನೇ ಎರಡು ಸಲ ಹೇಳಿದೆ ಎಂದಳು. ನೀರು ಬಂತು. ಅವನು ಅರ್ಧ ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡ.

"ನನಗೆ ಹೆದರಿಕೆ ಆಗ್ತಿದೆ ಮಗಳೇ. ಬೆಟ್ಟದ್ದಲ್ಲ, ಕಡಲಿನದ್ದೂ ಅಲ್ಲ. ನೀನು ಹೋಗ್ತೀಯಲ್ಲ, ಅದು."

"ನನಗೂ ಆಗ್ತಿದೆ" ಎಂದಳು ಅವಳು. ಅವನ ಕೈಯಿಂದ ಲೋಟ ತೆಗೆದುಕೊಂಡು ಉಳಿದ ನೀರನ್ನು ತಾನು ಕುಡಿದಳು. "ಊರಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದ್ರಿ. ನನ್ನನ್ನೂ ಒಂದ್ಸಲ ಕೇಳಿ ಅಪ್ಪ."

ಚಾಳೀಸಣ್ಣ ಕುರ್ಚಿಯಿಂದ ಇಳಿದ. ಅವಳು ಹತ್ತಿ ಕೂತಳು. ಅವನು ಅಭ್ಯಾಸಬಲದಿಂದ ಚೌಕಟ್ಟು ಎತ್ತಿಕೊಂಡು, ಮತ್ತೆ ಕೆಳಗಿಟ್ಟು, ಅಲ್ಲಿ ಇಲ್ಲಿ ನೋಡಿ, ಕೊನೆಗೆ ಅವಳ ಮುಖ ನೋಡಿ ಕೇಳಿದ.

"ಬೆಟ್ಟವೋ, ಕಡಲೋ?"

"ಬೆಟ್ಟ."

ನಾನು ಈ ಕಡೆ ಉಸಿರು ಹಿಡಿದು ಕಾದೆ. ಇನ್ನೊಂದ್ಸಲ ನೋಡಿ ಹೇಳು ಎನ್ನುತ್ತಾನೆ, ಎಂದೇಬಿಡುತ್ತಾನೆ ಎಂದುಕೊಂಡೆ. ಬಸ್ಸು ಅವನ ಮುಖದ ಮೇಲೆಯೇ ಉರುಳಿ ಹೋದದ್ದು ನನಗೆ ಕಂಡಿತು. ಅವನ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಸರಿ ಎಂದ. ಅಷ್ಟೇ ಅಂದ. ಅವಳು ಫೋನು ತೆಗೆದು ಅಲ್ಲಿಯೇ ಬೆಟ್ಟಕ್ಕೆ ಒಪ್ಪಿಗೆ ಕಳಿಸಿದಳು.

ಅಷ್ಟರಲ್ಲಿ ಅರ್ಧ ಎಳೆದ ಷಟರಿನ ಕೆಳಗಿನಿಂದ ಲೇಸಿಲ್ಲದ ಎರಡು ಹೊಸ ಚಪ್ಪಲಿಗಳು ಕಾಣಿಸಿಕೊಂಡವು. ಹಿಂದೆಯೇ ಹೆಡ್‌ಮಾಸ್ಟರು ಬಗ್ಗಿ ಒಳಗೆ ಬಂದರು. ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳೋಣವೆಂದು ಬಂದವರು ಹೊರಗೆ ನಿಂತು ಬೆಟ್ಟ ಎಂಬ ಆ ಒಂದು ಮಾತನ್ನು ಕೇಳಿಸಿಕೊಂಡಿದ್ದರು. ಕುರ್ಚಿಯಲ್ಲಿದ್ದ ಹುಡುಗಿಯ ತಲೆಯ ಮೇಲೆ ಕೈಯಿಟ್ಟರು.

"ಹೆದರ್ಬೇಡ ಮಗು. ನಾನೂ ಬೆಟ್ಟವೇ ಅಂದಿದ್ದು. ಇವತ್ತಿನವರೆಗೂ ಏನೂ ಆಗಿಲ್ಲ. ಎಲ್ಲಾ ಕಾಣ್ತಾ ಇದೆ, ಮೊದಲಿಗಿಂತ ಚೆನ್ನಾಗೇ ಕಾಣ್ತಾ ಇದೆ."

ಅವರ ಕಣ್ಣಿಗೂ ಏನೂ ಆಗಿಲ್ಲವೆಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ಯಾರೂ ತಕ್ಷಣ ಹೇಳಲಿಲ್ಲ. ಮೇಷ್ಟ್ರು ಆಡಿದ ಮಾತು ಆ ಕೋಣೆಯಲ್ಲಿ ಎಲ್ಲರಿಗೂ ಬೇಕಾಗಿತ್ತು. ಚಾಳೀಸಣ್ಣ ಮೇಷ್ಟ್ರ ಮುಖ ನೋಡಿದ, ಅವರಿಗೊಂದು ಸ್ಟೂಲು ಎಳೆದುಕೊಟ್ಟ, ಎಂದಿನಂತೆ ಮಗಳ ಕಡೆ ತಿರುಗಿ, ಇವರಿಗೆ ನೀರು ಎಂದು ಆರಂಭಿಸಿದ.

ಅಲ್ಲಿಗೇ ನಿಂತ. ಅವಳು ಏಳುವುದರಲ್ಲಿದ್ದಳು. ಕೂತಿರು ಎಂದು ಕೈಸನ್ನೆ ಮಾಡಿ, ಹೂಜಿ ಎಲ್ಲಿದೆಯೆಂದು ಹೆಂಡತಿಯನ್ನು ಕೇಳಿಕೊಂಡು, ತಾನೇ ನೀರು ತರಲು ಹೋದ.